ಹೆಗ್ಗುರುತಿನ ಕಟ್ಟಡ ಮತ್ತು ಮಲೆನಾಡಿನ ಮಳೆ

ಊರಿನ ಹೆಸರೆತ್ತಿದೊಡನೆ ಕಣ್ಣ ಮುಂದೆ ಬರುವ, ದೂರದಿಂದಲೇ ಗುರುತು ಸಿಗುವ, ಊರವರೆಲ್ಲ ತಮ್ಮದೆಂದು ಹೇಳಿಕೊಳ್ಳುವ ಕಟ್ಟಡವೇ ಹೆಗ್ಗುರುತಿನ ಕಟ್ಟಡ. ಕಚೇರಿ, ಮಾರುಕಟ್ಟೆ, ಸಭಾಂಗಣ, ಬಸ್ ನಿಲ್ದಾಣ, ವಸತಿ ಮುಂತಾದ ಹಲವು ಕಾರ್ಯಗಳನ್ನು ಒಂದೇ ಸೂರಿನಡಿ ಹೊಂದಿಸುವ ರಚನೆಗೆ ಮಿಶ್ರ ಬಳಕೆಯ ಕಟ್ಟಡವೆಂದು ಹೆಸರು. ಕಳೆದ ಕೆಲವು ದಶಕಗಳಲ್ಲಿ ಈ ಎರಡು ಕಲ್ಪನೆಗಳು ಬೆರೆತು, ಸಾರ್ವಜನಿಕ ಹಣದಿಂದ ಕಟ್ಟುವ ದೊಡ್ಡ ಕಟ್ಟಡವೆಂದರೆ ಅದು ಕೆಲಸಕ್ಕೆ ಒದಗಿದರೆ ಸಾಲದು, ನೋಡಿದವರು ನಿಂತು ನೋಡುವಂತಿರಬೇಕು ಎಂಬ ನಿರೀಕ್ಷೆ ಬೆಳೆದಿದೆ. ಕರ್ನಾಟಕದಲ್ಲಿ ಇದರ ತುದಿಯನ್ನು ಮುಟ್ಟಿದ ಪ್ರಸ್ತಾವವೆಂದರೆ 2024ರಲ್ಲಿ ಸಚಿವ ಸಂಪುಟದ ಒಪ್ಪಿಗೆ ಪಡೆದ ಬೆಂಗಳೂರಿನ ಸ್ಕೈ ಡೆಕ್, ಅಂದರೆ ಸುಮಾರು 250 ಮೀಟರ್ ಎತ್ತರದ ವೀಕ್ಷಣಾ ಗೋಪುರ. ಮಹಾನಗರದಲ್ಲಿ ಹುಟ್ಟಿದ ಈ ಮಹತ್ತ್ವಾಕಾಂಕ್ಷೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರದಂತಹ ಮಲೆನಾಡಿನ ತಾಲ್ಲೂಕುಗಳಿಗೆ ಬಂದಾಗ ಏನಾಗುತ್ತದೆ, ಅಲ್ಲಿ ಹೆಗ್ಗುರುತಾಗಿ ಉಳಿದುಬಂದ ಕಟ್ಟಡಗಳು ಯಾವ ಗುಣದಿಂದ ಉಳಿದವು, ಇನ್ನು ಮುಂದೆ ಕಟ್ಟುವವು ಹೇಗಿರಬೇಕು ಎಂಬ ಪ್ರಶ್ನೆಗಳನ್ನು ಇಲ್ಲಿ ಒಟ್ಟಾಗಿ ಪರಿಶೀಲಿಸಲಾಗಿದೆ.

ಈ ಮೂರು ತಾಲ್ಲೂಕುಗಳಲ್ಲಿ ಕಟ್ಟಡದ ಮೊದಲ ಪರೀಕ್ಷಕ ಮಳೆ. ಶೃಂಗೇರಿಗೆ ಸಮೀಪದ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರ್‌ಗೂ ಹೆಚ್ಚು, ಇಂದಿಗೂ ಇಂಚುಗಳಲ್ಲೇ ಲೆಕ್ಕ ಹಾಕುವ ತೋಟದವರ ಅಳತೆಯಲ್ಲಿ ಹೇಳುವುದಾದರೆ 275 ಇಂಚಿಗೂ ಮೇಲೆ. ಘಟ್ಟದ ಅಂಚಿನ ಶೃಂಗೇರಿಯಿಂದ ಕೊಪ್ಪದ ಮೂಲಕ ಪೂರ್ವದ ನರಸಿಂಹರಾಜಪುರದ ಕಡೆಗೆ ಸರಿದಂತೆ ಮಳೆಯ ಪ್ರಮಾಣ ಇಳಿಯುತ್ತದೆಯಾದರೂ, ಬಯಲುಸೀಮೆಗೆ ಹೋಲಿಸಿದರೆ ಅಲ್ಲಿಯೂ ಅದು ಹೆಚ್ಚೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಈ ಮಳೆ ನೆಟ್ಟಗೆ ಬೀಳುವುದಿಲ್ಲ. ಪಡುವಣ ಗಾಳಿಯೊಂದಿಗೆ ಓರೆಯಾಗಿ ಬಂದು ಗೋಡೆಗೆ ಹೊಡೆಯುತ್ತದೆ. ಈ ಎರಚಲನ್ನು ತಡೆಯದ ಕಟ್ಟಡದ ಗೋಡೆ ಮೊದಲ ಮಳೆಗಾಲದಲ್ಲೇ ಹಸಿರುಗಟ್ಟುತ್ತದೆ, ಎರಡು ಮೂರು ವರ್ಷಗಳಲ್ಲಿ ಗಾರೆ ಉಬ್ಬಿ ಉದುರತೊಡಗುತ್ತದೆ.

ಕರ್ನಾಟಕದ ಸರ್ಕಾರಿ ವಾಸ್ತುವಿನ ಮೇಲೆ ವಿಧಾನಸೌಧದಷ್ಟು ಪ್ರಭಾವ ಬೀರಿದ ಕಟ್ಟಡ ಇನ್ನೊಂದಿಲ್ಲ. 1951ರ ಜುಲೈಯಲ್ಲಿ ಜವಾಹರಲಾಲ್ ನೆಹರೂ ಅಡಿಗಲ್ಲಿಟ್ಟ ಸರಳ ಯೋಜನೆಯನ್ನು ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಬದಲಿಸಿ, ಬಿ.ಆರ್. ಮಾಣಿಕಂ ಅವರ ನೇತೃತ್ವದಲ್ಲಿ ದ್ರಾವಿಡ ಮಾದರಿಯ ಕಂಬ, ಗೋಪುರ ಮತ್ತು ಗುಮ್ಮಟಗಳನ್ನುಳ್ಳ ಗ್ರಾನೈಟಿನ ಭವ್ಯ ಸೌಧವನ್ನು 1956ರಲ್ಲಿ ಪೂರ್ಣಗೊಳಿಸಿದರು. ಪ್ರಜಾಪ್ರಭುತ್ವದ ಸದನ ಅರಮನೆಗಿಂತ ಕಡಿಮೆ ಗೌರವದ್ದಾಗಬಾರದೆಂಬ ಹಂಬಲ ಆ ನಿರ್ಧಾರದ ಹಿಂದಿತ್ತು, ಆ ಹಂಬಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮುಂದೆ ತಾಲ್ಲೂಕು ಕಚೇರಿಗಳನ್ನು ಒಂದೆಡೆ ತರಲು ಮಿನಿ ವಿಧಾನಸೌಧಗಳನ್ನು ಕಟ್ಟಿದಾಗ ಹಲವೆಡೆ ಅನುಕರಿಸಿದ್ದು ಆ ಹಂಬಲವನ್ನಲ್ಲ, ಮುಂಭಾಗದ ಆಕಾರವನ್ನು: ಮಧ್ಯದಲ್ಲೊಂದು ಎತ್ತರದ ಕೈಸಾಲೆ, ಅದರ ಮೇಲೊಂದು ಗುಮ್ಮಟದ ನೆರಳು, ಇಕ್ಕೆಲಗಳಲ್ಲಿ ಸಾಲು ಕೊಠಡಿ, ತಲೆಯ ಮೇಲೆ ಸಮತಟ್ಟಾದ ತಾರಸಿ. ಈಚೆಗೆ ಇವುಗಳಿಗೆ ತಾಲ್ಲೂಕು ಆಡಳಿತ ಸೌಧವೆಂದೂ ಪ್ರಜಾಸೌಧವೆಂದೂ ಹೆಸರು ಬಂದಿದೆಯಾದರೂ, ಒಂದೇ ನಕ್ಷೆಯನ್ನು ಬಯಲಿಗೂ ಮಲೆನಾಡಿಗೂ ಅನ್ವಯಿಸುವ ಪದ್ಧತಿ ಬದಲಾಗಿದೆಯೆನ್ನುವಂತಿಲ್ಲ.

ಈ ತಾರಸಿಯ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಾರಸಿಯೆಂದರೆ ಕಬ್ಬಿಣದ ಸರಳು ಕಟ್ಟಿ ಕಾಂಕ್ರೀಟು ಹೊಯ್ದ ಸಮತಟ್ಟು ಚಾವಣಿ. ಬಳ್ಳಾರಿಯಲ್ಲೋ ತುಮಕೂರಿನಲ್ಲೋ ಅದು ರಾತ್ರಿ ಮಲಗಲು, ಹಪ್ಪಳ ಒಣಗಿಸಲು ಒದಗುತ್ತದೆ. ಮಲೆನಾಡಿನಲ್ಲಿ ನಾಲ್ಕು ತಿಂಗಳು ನೀರು ನಿಂತು, ಎಲೆ ಕೊಳೆತು, ಪಾಚಿ ಕಟ್ಟಿ, ಸಣ್ಣ ಬಿರುಕಿನಿಂದ ಇಳಿದ ನೀರು ಒಳಗಿನ ಸರಳನ್ನು ತುಕ್ಕು ಹಿಡಿಸುತ್ತದೆ; ತುಕ್ಕು ಹಿಡಿದ ಸರಳು ಹಿಗ್ಗಿ ಕಾಂಕ್ರೀಟಿನ ಹೊದಿಕೆಯನ್ನೇ ಒಡೆಯುತ್ತದೆ. ಆದ್ದರಿಂದ ಕೊಪ್ಪ ಸೀಮೆಯಲ್ಲಿ ಮನೆಯಾಗಲಿ, ಶಾಲೆಯಾಗಲಿ, ಬ್ಯಾಂಕಾಗಲಿ ತಾರಸಿ ಹಾಕಿದ ಕೆಲವೇ ವರ್ಷಗಳಲ್ಲಿ ಕಬ್ಬಿಣದ ಕೊಳವೆಗಳ ಚೌಕಟ್ಟು ನಿಲ್ಲಿಸಿ ಅದರ ಮೇಲೆ ಶೀಟು ಹೊದಿಸುವುದು ವಾಡಿಕೆಯಾಗಿದೆ. ಒಂದೇ ಕಟ್ಟಡಕ್ಕೆ ಎರಡು ಚಾವಣಿಗಳ ಖರ್ಚು ಬೀಳುತ್ತದೆ. ವಾಸ್ತುಶಿಲ್ಪಿ ಬಿಡಿಸಿದ್ದ ಮುಂಭಾಗದ ಮೇಲೆ ಅವರು ಎಂದೂ ಊಹಿಸದ ನೀಲಿ ಅಥವಾ ಕೆಂಪು ಶೀಟು ಬಂದು ಕೂರುತ್ತದೆ. ಇದರಲ್ಲಿ ಜನರ ಅಭಿರುಚಿಯ ದೋಷವನ್ನು ಹುಡುಕಬೇಕಾಗಿಲ್ಲ. ಮೊದಲ ನಕ್ಷೆಯಲ್ಲೇ ಇರಬೇಕಾಗಿದ್ದ ಇಳಿಜಾರು ಮಾಡನ್ನು ಜನರು ತಡವಾಗಿ, ತಮ್ಮ ಕೈಲಾದಂತೆ ಸೇರಿಸಿಕೊಳ್ಳುತ್ತಿದ್ದಾರೆ, ಅಷ್ಟೆ.

ಹಿಂದಿನವರಿಗೆ ಈ ತಿದ್ದುಪಡಿ ಬೇಕಾಗಿರಲಿಲ್ಲ. ಮಲೆನಾಡಿನ ಹಳೆಯ ತೊಟ್ಟಿಮನೆಗಳಲ್ಲಿ ಮರದ ಮುಂಡಿಗೆಗಳ ಮೇಲೆ ತೊಲೆ, ತೊಲೆಯ ಮೇಲೆ ಪಕಾಸು, ಪಕಾಸಿಗೆ ಅಡ್ಡಲಾಗಿ ರೀಪು ಹೊಡೆದು, ಮೊದಲು ಅಡಿಕೆ ಸೋಗೆಯನ್ನೋ ನಾಡಹೆಂಚನ್ನೋ ಹೊದಿಸುತ್ತಿದ್ದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆ ಆರಂಭವಾದ ನಂತರ ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹೆಂಚು ಘಟ್ಟವನ್ನೇರಿತು. ಮಾಡಿನ ಅಂಚು ಗೋಡೆಯಿಂದ ಮೂರು ನಾಲ್ಕು ಅಡಿ ಹೊರಚಾಚಿ ಜಗುಲಿಯನ್ನು ಕಾಯುತ್ತಿತ್ತು. ಪಡುವಣ ದಿಕ್ಕಿನ ಮಣ್ಣಿನ ಗೋಡೆಗೆ ಮಳೆಗಾಲಕ್ಕೆ ಮುಂಚೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಿ, ಒಡೆದವನ್ನು ಬದಲಿಸಿ ಮಳೆಗೆ ಸಿದ್ಧರಾಗುತ್ತಿದ್ದರು. ನಿರ್ವಹಣೆಯೆಂಬುದು ಕಟ್ಟಡ ಮುಗಿದ ಮೇಲೆ ಬರುವ ತೊಂದರೆಯಾಗಿರದೆ ವರ್ಷದ ಬೇಸಾಯದಷ್ಟೇ ನಿಯತವಾದ ಕೆಲಸವಾಗಿತ್ತು.

ಮನೆಗಳ ಮಾತು ಹಾಗಿರಲಿ, ಸಾರ್ವಜನಿಕ ಹೆಗ್ಗುರುತಿನ ಮಾತಿಗೆ ಬಂದರೆ ಈ ಸೀಮೆಯ ಅತ್ಯಂತ ಮಹತ್ತ್ವಾಕಾಂಕ್ಷೆಯ ರಚನೆ ಇಂದಿಗೂ ಶೃಂಗೇರಿಯ ವಿದ್ಯಾಶಂಕರ ದೇವಾಲಯವೇ. ಪರಂಪರೆ ಅದನ್ನು 1338ಕ್ಕೆ ಸೇರಿಸುತ್ತದೆ, ವಿದ್ವಾಂಸರಲ್ಲಿ ಕಾಲದ ಬಗೆಗೆ ಭಿನ್ನಾಭಿಪ್ರಾಯಗಳಿವೆ. ಹೇಗಿದ್ದರೂ ಅದು ವಿಜಯನಗರದ ಉದಯದೊಂದಿಗೆ ಬೆಸೆದುಕೊಂಡ ಕೃತಿ, 1346ರಲ್ಲಿ ಹರಿಹರ ಮತ್ತು ಅವನ ಸಹೋದರರು ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ದತ್ತಿ ನೀಡಿದ ಶಾಸನವಿದೆ. ಎತ್ತರದ ಜಗತಿಯ ಮೇಲೆ ನಿಂತಿರುವ ಈ ಗುಡಿಯ ತಳವಿನ್ಯಾಸದ ಪೂರ್ವ ಮತ್ತು ಪಶ್ಚಿಮದ ತುದಿಗಳು ಗಜಪೃಷ್ಠಾಕಾರದಲ್ಲಿ, ಎಂದರೆ ಆನೆಯ ಬೆನ್ನಿನಂತೆ ದುಂಡಾಗಿ ಬಾಗಿವೆ. ಒಳಹೋಗಲು ಆರು ಬಾಗಿಲುಗಳಿವೆ. ಮಂಟಪದ ಹನ್ನೆರಡು ಕಂಬಗಳಲ್ಲಿ ಹನ್ನೆರಡು ರಾಶಿಗಳ ಚಿಹ್ನೆಗಳಿದ್ದು, ಸೂರ್ಯಕಿರಣ ಆಯಾ ಮಾಸದಲ್ಲಿ ಆಯಾ ಕಂಬದ ಮೇಲೆ ಬೀಳುವಂತೆ ಅವನ್ನು ನಿಲ್ಲಿಸಲಾಗಿದೆಯೆಂಬುದು ಪರಂಪರೆಯ ಹೇಳಿಕೆ. ಪ್ರವಾಸಿಗರ ಗಮನವೆಲ್ಲ ಈ ಕಂಬಗಳಿಗೂ ಯಾಳಿಯ ಬಾಯಲ್ಲಿ ಉರುಳುವ ಕಲ್ಲಿನ ಗುಂಡಿಗೂ ಹೋಗುತ್ತದೆ. ವಾಸ್ತುವಿನ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದುದು ಮಂಟಪದ ಮೇಲಿನ ಇಳಿಜಾರು ಕಲ್ಲಿನ ಮಾಡು ಮತ್ತು ಹೊರಚಾಚಿದ ಬಾಗು ಸೂರು. ಹೊಯ್ಸಳ ಮತ್ತು ದ್ರಾವಿಡ ಸಂಪ್ರದಾಯಗಳನ್ನು ಬಲ್ಲ ಶಿಲ್ಪಿಗಳು ತಮ್ಮ ವಿದ್ಯೆಯನ್ನು ಬಿಡದೆಯೇ ಸ್ಥಳದ ಮಳೆಗೆ ಒಪ್ಪುವಂತೆ ಅದನ್ನು ತಿರುಗಿಸಿಕೊಂಡರು. ಹೊರಗಿನಿಂದ ಬಂದ ಶೈಲಿಯೊಂದು ಮಲೆನಾಡಿನದಾಗಲು ಎಷ್ಟು ಬದಲಾಗಬೇಕಾಗುತ್ತದೆಂಬುದಕ್ಕೆ ಇದು ಈಗಲೂ ಕಣ್ಣೆದುರಿರುವ ಪಾಠ.

ಪಕ್ಕದ ಶಾರದಾಂಬೆಯ ದೇವಾಲಯದ ಕಥೆ ಬೇರೆ. ಮರದ ಗುಡಿಯಾಗಿದ್ದ ಅದು ಕಲ್ಲಿನ ಕಟ್ಟಡವಾಗಿ ಮರುಹುಟ್ಟು ಪಡೆದು 1916ರಲ್ಲಿ ಕುಂಭಾಭಿಷೇಕಗೊಂಡಿತು. ಅದೇ ಆವರಣದ ಮುಂದೆ 127 ಅಡಿ ಎತ್ತರದ ರಾಜಗೋಪುರ 2014ರಲ್ಲಿ ಪೂರ್ಣಗೊಂಡು, ಭಾರತೀ ಬೀದಿಯಿಂದ ಬರುವವರಿಗೆ ಮೊದಲ ನೋಟವಾಯಿತು. ಕೊಪ್ಪ ತಾಲ್ಲೂಕಿನ ಹರಿಹರಪುರದಲ್ಲಿಯೂ ತುಂಗೆಯ ದಡದ ಮಠದ ದೇವಾಲಯ ಶಿಲೆಯಲ್ಲಿ ನವೀಕರಣಗೊಂಡು 2022ರ ಏಪ್ರಿಲ್‌ನಲ್ಲಿ ಮಹಾಕುಂಭಾಭಿಷೇಕ ನಡೆಯಿತು. ರಾಜಗೋಪುರವೆಂಬುದು ತಮಿಳುನಾಡಿನ ದೇವಾಲಯ ನಗರಗಳಲ್ಲಿ ಬೆಳೆದ ರೂಪ. ಸಮತಟ್ಟು ಬಯಲಿನಲ್ಲಿ ಹತ್ತಾರು ಮೈಲಿ ದೂರದಿಂದ ಯಾತ್ರಿಕನಿಗೆ ದಾರಿ ತೋರುವುದು ಅದರ ಕೆಲಸವಾಗಿತ್ತು. ಗುಡ್ಡಗಳಿಂದ ಸುತ್ತುವರಿದ ಶೃಂಗೇರಿಯಲ್ಲಿ ಅಂತಹ ದೂರದ ನೋಟವೇ ಇಲ್ಲ, ಹತ್ತಿರ ಬಂದ ಮೇಲೆಯೇ ಗೋಪುರ ಕಾಣಿಸುತ್ತದೆ. ಭಕ್ತರ ಪಾಲಿಗೆ ಅದರ ಘನತೆಗೆ ಇದರಿಂದ ಕುಂದಿಲ್ಲ. ಆದರೆ ಕಣಿವೆಯ ಊರಿನಲ್ಲಿ ಎತ್ತರಕ್ಕಿರುವ ಶಕ್ತಿ ಬಯಲಿನಲ್ಲಿ ಇರುವಷ್ಟಲ್ಲ, ಸುತ್ತಲಿನ ಬೆಟ್ಟ ಯಾವ ಕಟ್ಟಡಕ್ಕಿಂತಲೂ ಎತ್ತರವೇ.

ಎತ್ತರವಿಲ್ಲದೆಯೂ ಹೆಗ್ಗುರುತು ಸಾಧ್ಯವೆಂಬುದನ್ನು ಆಧುನಿಕ ಕಾಲದಲ್ಲಿ ತೋರಿಸಿಕೊಟ್ಟದ್ದು ಕೊಪ್ಪದ ಗಡಿಗೆ ತಾಗಿದಂತಿರುವ ಕುಪ್ಪಳಿಯ ಕವಿಶೈಲ. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ತಾಯಿಯ ತವರಿನಲ್ಲಿ. ಬೆಳೆದ ಕುಪ್ಪಳಿ ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ್ದರೂ ಕೊಪ್ಪ ಪೇಟೆಗೆ ತೀರ ಹತ್ತಿರ. 1994ರ ನವೆಂಬರ್‌ನಲ್ಲಿ ಕವಿ ತೀರಿಕೊಂಡಾಗ ಅಂತ್ಯಸಂಸ್ಕಾರ ನಡೆದ ಬಂಡೆಯ ಗುಡ್ಡದ ಮೇಲೆ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರು ಬೃಹತ್ ಶಿಲೆಗಳನ್ನು ನಿಲ್ಲಿಸಿ, ಅವುಗಳ ಮೇಲೆ ಅಡ್ಡಗಲ್ಲಿರಿಸಿ ಸ್ಮಾರಕವನ್ನು ರೂಪಿಸಿದರು. ಶಿಲಾಯುಗದ ಗೋರಿಗಳನ್ನು ನೆನಪಿಸುವ ಈ ರಚನೆಗೆ ಚಾವಣಿಯಿಲ್ಲ, ಆದ್ದರಿಂದ ಸೋರುವ ಪ್ರಶ್ನೆಯಿಲ್ಲ. ಬಣ್ಣವಿಲ್ಲ, ಆದ್ದರಿಂದ ಮಾಸುವ ಪ್ರಶ್ನೆಯಿಲ್ಲ. ಹಾವಸೆ ಬೆಳೆದಷ್ಟೂ ಅದು ಗುಡ್ಡಕ್ಕೆ ಹೆಚ್ಚು ಸೇರಿದಂತೆ ಕಾಣುತ್ತದೆ. ಕೆಳಗೆ ವಸ್ತುಸಂಗ್ರಹಾಲಯವಾದ ಕವಿಮನೆ, ಶತಮಾನೋತ್ಸವ ಭವನ, ಹೇಮಾಂಗಣವೆಂಬ ಸಭಾಂಗಣ ಬಿಡಿಬಿಡಿಯಾಗಿ ಮರಗಳ ನಡುವೆ ನಿಂತಿವೆ. ಮನೆ, ಸಂಗ್ರಹಾಲಯ, ಸಭೆ, ಸ್ಮಾರಕ, ವಸತಿಗಳನ್ನು ಒಂದೇ ದೊಡ್ಡ ಕಟ್ಟಡಕ್ಕೆ ತುರುಕದೆ ಇಳಿಜಾರಿನುದ್ದಕ್ಕೂ ಹರಡಿದ್ದು ಮಿಶ್ರ ಬಳಕೆಯ ಅತ್ಯಂತ ವಿವೇಕದ ರೂಪ. ಕನ್ನಡ ನಾಡಿನಲ್ಲಿ ಸ್ವಾತಂತ್ರ್ಯಾನಂತರ ನಿರ್ಮಾಣವಾದ ಸ್ಮಾರಕಗಳಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನ ಸಲ್ಲಬೇಕು.

ನರಸಿಂಹರಾಜಪುರದ ಚಿತ್ರ ಶೃಂಗೇರಿ, ಕೊಪ್ಪಗಳಿಗಿಂತ ಭಿನ್ನ. ಎಡೆಹಳ್ಳಿಯೆಂದು ಕರೆಯಲಾಗುತ್ತಿದ್ದ ಊರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಪಡೆದು, ತರೀಕೆರೆಯಿಂದ ಬರುತ್ತಿದ್ದ ಕಿರು ಹಳಿಯ ರೈಲಿನ ಕೊನೆಯ ನಿಲ್ದಾಣವಾಗಿ ಒಂದು ಕಾಲದಲ್ಲಿ ಮರದ ವ್ಯಾಪಾರಕ್ಕೆ ಹೆಸರಾಗಿತ್ತು. ರೈಲು ನಿಂತಿತು, ಅನಂತರ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು ಹಿನ್ನೀರು ಹಳ್ಳಿಗಳನ್ನೂ ಗದ್ದೆಗಳನ್ನೂ ಮುಳುಗಿಸಿತು. ಈ ತಾಲ್ಲೂಕಿನ ಬದುಕನ್ನು ಬದಲಿಸಿದ ಅತಿ ದೊಡ್ಡ ನಿರ್ಮಾಣವೆಂದರೆ ಆ ಅಣೆಕಟ್ಟೇ, ಅದರ ನೀರಿನ ಪ್ರಯೋಜನ ಮಾತ್ರ ಹೆಚ್ಚಾಗಿ ಕೆಳಗಿನ ಬಯಲುಸೀಮೆಗೆ. ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸ್ತಿ ಮತ್ತು ಬಾಳೆಹೊನ್ನೂರಿನ ರಂಭಾಪುರಿ ಪೀಠ ಈ ತಾಲ್ಲೂಕಿನ ಧಾರ್ಮಿಕ ಹೆಗ್ಗುರುತುಗಳು. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಸ್ಥಾಪಿಸಿದ ಕಾಫಿ ಪ್ರಯೋಗ ಕೇಂದ್ರ ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿದ್ದು, ಸಾರ್ವಜನಿಕ ಸಂಸ್ಥೆಯೊಂದು ಆಡಂಬರದ ಮುಂಭಾಗವಿಲ್ಲದೆಯೂ ಒಂದು ಸೀಮೆಯ ಗುರುತಾಗಬಲ್ಲುದೆಂಬುದಕ್ಕೆ ಸಾಕ್ಷಿ.

ಹೊರಗಿನ ಜಗತ್ತಿನ ಅನುಭವದಲ್ಲಿ ಮಲೆನಾಡಿಗೆ ಹತ್ತಿರವಾದದ್ದು ಶ್ರೀಲಂಕಾದ್ದು. ವಾಸ್ತುಶಿಲ್ಪಿ ಜೆಫ್ರಿ ಬಾವಾ ಕೋಟ್ಟೆಯಲ್ಲಿ ರೂಪಿಸಿದ, 1982ರಲ್ಲಿ ಉದ್ಘಾಟನೆಯಾದ ಸಂಸತ್ ಭವನ ಒಂದು ರಾಷ್ಟ್ರದ ಅಧಿಕಾರಪೀಠ. ಆದರೂ ಅದರ ಚೆಲುವು ಇರುವುದು ನೀರಿನ ನಡುವೆ ಹಲವು ಮಂಟಪಗಳಾಗಿ ಹರಡಿ, ವಿಶಾಲವಾಗಿ ಇಳಿದ ತಾಮ್ರದ ಮಾಡುಗಳಲ್ಲಿ. ಮುಂಗಾರಿನ ನಾಡಿನಲ್ಲಿ ಮಾಡೇ ಕಟ್ಟಡದ ಮುಖವೆಂಬ ಮಾತನ್ನು ಅದು ಸಂಸತ್ತಿನ ಮಟ್ಟಕ್ಕೆ ಏರಿಸಿತು. ಬಿ.ವಿ. ದೋಶಿ ಅವರ ಬೆಂಗಳೂರಿನ ಐಐಎಂ ಆವರಣ ಕರ್ನಾಟಕದಲ್ಲೇ ಇರುವ ಇನ್ನೊಂದು ಮಾದರಿ: ಒರಟು ಗ್ರಾನೈಟಿನ ಗೋಡೆ, ಬಳ್ಳಿ ಹಬ್ಬಿದ ಕೈಸಾಲೆ, ಒಂದರಿಂದೊಂದಕ್ಕೆ ತೆರೆದುಕೊಳ್ಳುವ ಅಂಗಳಗಳು. ಇದಕ್ಕೆ ಪ್ರತಿಯಾಗಿ ಆಸ್ಟ್ರೇಲಿಯಾದ ಸಿಡ್ನಿ ಒಪೆರಾ ಹೌಸ್ ಮಹತ್ತ್ವಾಕಾಂಕ್ಷೆಯ ಬೆಲೆಯನ್ನೂ ತೋರಿಸುತ್ತದೆ. 1957ರ ಸ್ಪರ್ಧೆಯಲ್ಲಿ ಯೋರ್ನ್ ಉಟ್ಸನ್ ಅವರ ವಿನ್ಯಾಸ ಗೆದ್ದಾಗ 70 ಲಕ್ಷ ಡಾಲರ್ ಎಂದು ಅಂದಾಜಿಸಿದ್ದ ಕಟ್ಟಡ 1973ರಲ್ಲಿ ತೆರೆದುಕೊಳ್ಳುವ ಹೊತ್ತಿಗೆ 10 ಕೋಟಿ ಡಾಲರ್ ದಾಟಿತ್ತು, ಅದನ್ನು ಕಲ್ಪಿಸಿದವರು ನಡುವೆಯೇ ಕೆಲಸ ಬಿಟ್ಟು ಹೋಗಿದ್ದರು. ಲಾಟರಿಯ ಹಣದಿಂದ ಆ ಭಾರವನ್ನು ಹೊರಲು ಒಂದು ಶ್ರೀಮಂತ ಪ್ರಾಂತಕ್ಕೆ ಸಾಧ್ಯವಾಯಿತು. ತಾಲ್ಲೂಕು ಕೇಂದ್ರದ ಪಟ್ಟಣ ಪಂಚಾಯಿತಿಗೆ ಅಂತಹ ಎರಡನೆಯ ಅವಕಾಶವಿರುವುದಿಲ್ಲ.

ಶೃಂಗೇರಿಯಿಂದ ಘಟ್ಟವಿಳಿದರೆ ಸಿಗುವ ಕಾರ್ಕಳದ ಬೈಲೂರಿನಲ್ಲಿ ಅವಸರದ ಫಲವನ್ನು ಕಾಣಬಹುದು. ಬೆಟ್ಟದ ಮೇಲೆ 33 ಅಡಿಯ ಪರಶುರಾಮನ ಮೂರ್ತಿಯನ್ನು ಕೇಂದ್ರವಾಗಿಸಿದ ಥೀಮ್ ಪಾರ್ಕ್ 2023ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಕೆಲವೇ ತಿಂಗಳಲ್ಲಿ ಮೂರ್ತಿಯ ಲೋಹದ ಬಗೆಗೆ ವಿವಾದವೆದ್ದು, ಮೇಲ್ಭಾಗವನ್ನು ಕೆಳಗಿಳಿಸಿ, ವಿಷಯ ತನಿಖೆಗೆ ಹೋಯಿತು. ಬಳಕೆಯ ಪ್ರಶ್ನೆಗೆ ಬೆಳಗಾವಿಯ ಸುವರ್ಣ ವಿಧಾನಸೌಧ ಉದಾಹರಣೆ: 2012ರಲ್ಲಿ ಲೋಕಾರ್ಪಣೆಯಾದ ಆ ಸೌಧ ತನ್ನ ಪೂರ್ಣ ರೂಪದಲ್ಲಿ ಜೀವ ತಳೆಯುವುದು ಚಳಿಗಾಲದ ಅಧಿವೇಶನದ ದಿನಗಳಲ್ಲಿ.

ಹಾಗಾದರೆ ಈ ತಾಲ್ಲೂಕುಗಳಿಗೆ ಬೇಕಾದ ದೊಡ್ಡ ಕಟ್ಟಡ ಯಾವುದು? ಶೃಂಗೇರಿಯ ಜನರು ವರ್ಷಗಳಿಂದ ಕೇಳುತ್ತ ಬಂದದ್ದು ನೂರು ಹಾಸಿಗೆಗಳ ಆಸ್ಪತ್ರೆಯನ್ನು. ತುರ್ತು ಸಂದರ್ಭದಲ್ಲಿ ಘಟ್ಟವಿಳಿದು ಮಣಿಪಾಲಕ್ಕೋ ಮಂಗಳೂರಿಗೋ, ಇಲ್ಲವೇ ಶಿವಮೊಗ್ಗಕ್ಕೋ ರೋಗಿಯನ್ನು ಸಾಗಿಸುವ ಸ್ಥಿತಿಯೇ ಆ ಬೇಡಿಕೆಯ ಮೂಲ. ಆಸ್ಪತ್ರೆಯನ್ನು ಹೆಗ್ಗುರುತೆಂದು ಯಾರೂ ಭಾವಿಸುವುದಿಲ್ಲ, ಭಾವಿಸಬೇಕು. ಇನ್ನೊಂದು ಅಗತ್ಯ ಬಸ್ಸು ಮತ್ತು ವಾಹನಗಳ ನಿಲುಗಡೆ. ಯಾತ್ರಿಕರ ವಾಹನಗಳು ತುಂಬುವ ಗಾಂಧಿ ಮೈದಾನ ತುಂಗೆಯ ಮಗ್ಗುಲಲ್ಲೇ ಇದ್ದು ಜೋರು ಮಳೆಯಲ್ಲಿ ನೀರಿನಡಿ ಹೋಗುತ್ತದೆ. ನದಿಯ ದಡದ ಕಪ್ಪೆ ಶಂಕರನ ಗುಡಿ ಮುಳುಗಿತೆಂಬ ಸುದ್ದಿಯೇ ಪ್ರವಾಹದ ಅಳತೆಗೋಲಾಗಿ ಪತ್ರಿಕೆಗಳಲ್ಲಿ ಬರುತ್ತದೆ. ಇಲ್ಲಿ ಕಟ್ಟುವ ಯಾವುದೇ ನಿಲುಗಡೆ ಸಂಕೀರ್ಣದ ಕೆಳ ಅಂತಸ್ತು ನದಿಗೆ ಬಿಟ್ಟುಕೊಟ್ಟ ಜಾಗವಾಗಿರಬೇಕೇ ಹೊರತು ಮಳಿಗೆಗಳ ಸಾಲಾಗಬಾರದು.

ಮಿಶ್ರ ಬಳಕೆಯ ವಾದ ಮಲೆನಾಡಿನಲ್ಲಿ ಗಟ್ಟಿಯಾಗುವುದು ಜಾಗದ ಕೊರತೆಯಿಂದಲೇ. ಬೆಂಗಳೂರಿನಲ್ಲಿ ಜಾಗ ದುಬಾರಿಯಾದ್ದರಿಂದ, ಶಾಂತಿನಗರದಲ್ಲಿ ಬಿಎಂಟಿಸಿ ಮಾಡಿದಂತೆ, ಬಸ್ ನಿಲ್ದಾಣದ ಮೇಲೆ ಕಚೇರಿ ಮತ್ತು ಮಳಿಗೆಗಳನ್ನು ಪೇರಿಸಲಾಗುತ್ತದೆ. ಕೊಪ್ಪ, ಶೃಂಗೇರಿಗಳಲ್ಲಿ ಕಾನೂನಿನ ತೊಡಕಿಲ್ಲದ ಸಮತಟ್ಟು ಜಾಗವೇ ಅಪರೂಪ: ಒಂದು ಕಡೆ ಅರಣ್ಯದ ಗಡಿ, ಇನ್ನೊಂದು ಕಡೆ ಅಡಿಕೆ ತೋಟ, ಮತ್ತೊಂದು ಕಡೆ ನದಿ, ಉಳಿದದ್ದು ಇಳಿಜಾರು. ಗುಡ್ಡ ಕಡಿದು ತಟ್ಟು ಮಾಡಿದರೆ ಮಣ್ಣು ಮಳೆಗಾಲದಲ್ಲಿ ರಸ್ತೆಗೆ ಜಾರುತ್ತದೆ. ಆದ್ದರಿಂದ ಸಿಕ್ಕ ಒಂದು ತಾಣದಲ್ಲಿ ನಿಲ್ದಾಣ, ವಾರದ ಸಂತೆ, ಗ್ರಂಥಾಲಯ, ಯಾತ್ರಿಕರ ತಂಗುದಾಣಗಳನ್ನು ಒಟ್ಟಿಗೆ ಯೋಚಿಸಿ, ಇಳಿಜಾರನ್ನು ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಬಳಸಿ, ಮೇಲಿನ ರಸ್ತೆಯಿಂದ ಒಂದು ಅಂತಸ್ತಿಗೆ, ಕೆಳಗಿನ ರಸ್ತೆಯಿಂದ ಇನ್ನೊಂದಕ್ಕೆ ಪ್ರವೇಶ ಕೊಡುವ ವಿನ್ಯಾಸವೇ ಇಲ್ಲಿ ನಿಜವಾದ ಸಾಹಸ.

ಅಂತಹ ವಿನ್ಯಾಸ ಬರದಿರುವುದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಸ್ಥಳದ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆಯನ್ನು ದಶಕಗಳ ಹಿಂದೆಯೇ ರೂಢಿಗೆ ತಂದಿತು. ಮಲೆನಾಡಿನ ಜಂಬಿಟ್ಟಿಗೆ ಕಲ್ಲು ಗಾರೆಯ ಹಂಗಿಲ್ಲದೆ ನಿಲ್ಲಬಲ್ಲುದು. ಮರದ ಪಕಾಸಿನ ಬದಲು ಉಕ್ಕಿನ ಚೌಕಟ್ಟಿನ ಮೇಲೆ ಹೆಂಚು ಹೊದಿಸುವ ಕೆಲಸ ಸ್ಥಳೀಯ ವೆಲ್ಡಿಂಗ್ ಅಂಗಡಿಯವರಿಗೇ ಗೊತ್ತು. ತೊಡಕಿರುವುದು ಕಟ್ಟಡವನ್ನು ಕೊಳ್ಳುವ ಕ್ರಮದಲ್ಲಿ. ಸಾರ್ವಜನಿಕ ಕಾಮಗಾರಿಗಳನ್ನು ನಿಯಂತ್ರಿಸುವ 1999ರ ಪಾರದರ್ಶಕತೆ ಕಾಯಿದೆಯಡಿ ಟೆಂಡರು ಕರೆದು ಕಡಿಮೆ ದರದವರಿಗೆ ಕೆಲಸ ಒಪ್ಪಿಸುವುದು ಸಾಮಾನ್ಯ ಮಾರ್ಗ. ಸಿಮೆಂಟು, ಕಬ್ಬಿಣದಂತಹ ಅಳೆಯಬಹುದಾದ ವಸ್ತುಗಳಿಗೆ ಅದು ನ್ಯಾಯವಾದುದು. ವಿನ್ಯಾಸವನ್ನು ಅದೇ ತಕ್ಕಡಿಯಲ್ಲಿಟ್ಟರೆ ಹಳೆಯ ಮಾದರಿ ನಕ್ಷೆಯೇ ಯಾವಾಗಲೂ ಅಗ್ಗವಾಗಿ ಗೆಲ್ಲುತ್ತದೆ. ವಿನ್ಯಾಸವನ್ನು ಮುಕ್ತ ಸ್ಪರ್ಧೆಯಿಂದ ಆರಿಸಿ, ನಿರ್ಮಾಣವನ್ನು ಮಾತ್ರ ಟೆಂಡರಿಗೆ ಒಪ್ಪಿಸುವುದು ಸಾಧ್ಯ. ಆ ಸ್ಪರ್ಧೆಯಲ್ಲಿ ಕೇಳಬೇಕಾದ ಮೊದಲ ಚಿತ್ರ ಮುಂಭಾಗದ ಬಣ್ಣದ ನೋಟವಲ್ಲ. ಮಾಡಿನಿಂದ ಇಳಿದ ನೀರು ಸೂರು, ದೋಣಿ, ಚರಂಡಿಗಳ ಮೂಲಕ ಎಲ್ಲಿಗೆ ಹೋಗುತ್ತದೆಂಬುದನ್ನು ತೋರಿಸುವ ಅಡ್ಡಸೀಳಿಕೆಯ ನಕ್ಷೆ. ಅದರೊಂದಿಗೆ ಮೊದಲ ಹತ್ತು ಮಳೆಗಾಲಗಳ ನಿರ್ವಹಣೆಗೆ ಹಣ ಎಲ್ಲಿಂದ ಬರುತ್ತದೆ, ಹೆಂಚು ಕೈಯಾಡಿಸುವ ಹೊಣೆ ಯಾರದೆಂಬ ಬರಹವೂ ಇರಬೇಕು.

ಪರಿಸರದ ನಿಯಮಗಳು ಇಂತಹ ಕಟ್ಟಡಗಳಿಗೆ ಅಡ್ಡಿಯೆಂಬ ಮಾತು ಈ ಸೀಮೆಯಲ್ಲಿ ಆಗಾಗ ಕೇಳಿಬರುತ್ತದೆ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶವನ್ನು ಗುರುತಿಸಲು ಕೇಂದ್ರ ಸರ್ಕಾರ ಕಸ್ತೂರಿರಂಗನ್ ವರದಿಯ ಆಧಾರದ ಮೇಲೆ 2014ರಿಂದ ಮತ್ತೆ ಮತ್ತೆ ಹೊರಡಿಸಿದ ಕರಡು ಅಧಿಸೂಚನೆಗಳಿಗೆ ಇಲ್ಲಿನ ಬೆಳೆಗಾರರ ಮತ್ತು ರಾಜ್ಯ ಸರ್ಕಾರದ ವಿರೋಧವಿದೆ. ತೋಟ, ಮನೆ, ರಸ್ತೆಗಳ ಭವಿಷ್ಯದ ಬಗೆಗಿನ ಆ ಆತಂಕವನ್ನು ಹಗುರವಾಗಿ ಕಾಣಲಾಗದು. ಆದರೆ ಕಟ್ಟಡಗಳ ಮಟ್ಟಿಗೆ ಆ ಕರಡು ತಡೆಯುವುದು 20,000 ಚದರ ಮೀಟರ್ ಹಾಗೂ ಅದಕ್ಕಿಂತ ಹೆಚ್ಚು ವಿಸ್ತೀರ್ಣದ ಹೊಸ ನಿರ್ಮಾಣಗಳನ್ನು, ಎಂದರೆ ಎರಡು ಲಕ್ಷ ಚದರ ಅಡಿಗೂ ಮೀರಿದವನ್ನು. ನೂರು ಹಾಸಿಗೆಗಳ ಆಸ್ಪತ್ರೆ, ಸಂತೆಯೊಡನೆ ಕೂಡಿದ ಬಸ್ ನಿಲ್ದಾಣ, ತಾಲ್ಲೂಕು ಗ್ರಂಥಾಲಯ, ಐನೂರು ಜನರು ಕೂರುವ ರಂಗಮಂದಿರ, ಇವುಗಳಲ್ಲಿ ಯಾವುದೂ ಆ ಮಿತಿಯ ಹತ್ತಿರಕ್ಕೆ ಬರುವ ಗಾತ್ರದ್ದಲ್ಲ.